ಪ್ರಮೇಯದ ಮೇಲೆ ಹೆಲಿಕಾಪ್ಟರು

ಅಫಜಲಪುರದಿಂದ ಘತ್ತರಗಿಯ ಕಡೆ ಹೋಗುವ ದಾರಿಯಲ್ಲಿ ನೀರಹಂಗರಗಾ ಎಂಬ ಊರಿದೆ. ಹೆಸರಿನಲ್ಲಿ ನೀರಿದೆ, ನಲ್ಲಿಯಲ್ಲಿಲ್ಲ. ಆ ಊರಿನ ಪ್ರೌಢಶಾಲೆಯಲ್ಲಿ ದೇವಾನಂದ ಎಂಬ ಗಣಿತದ ಮಾಸ್ತರರಿದ್ದರು. ಸಾಧು ಮನುಷ್ಯ. ಯಾರು ಏನು ಕೇಳಿದರೂ ‘ಗೊತ್ತದ’ ಎನ್ನುವುದೊಂದು ಚಟ ಬಿಟ್ಟರೆ ಅವರಿಂದ ಯಾರಿಗೂ ತೊಂದರೆಯಿರಲಿಲ್ಲ.

ಅವರನ್ನು ಇಲಾಖೆ ಕಲಬುರಗಿಗೆ ತರಬೇತಿಗೆ ಕಳಿಸಿತು. ವಿಷಯ, ‘ತರಗತಿಯ ಹೊರಗೆ, ಕಲೆಯ ಮೂಲಕ ಗಣಿತ’. ಮುಂಜಾನೆಯ ಪಾಠವನ್ನು ದೇವಾನಂದ ಮಾಸ್ತರರು ಶ್ರದ್ಧೆಯಿಂದ ಕೇಳಿದರು. ಆದರೆ ಮಧ್ಯಾಹ್ನದ ಊಟಕ್ಕೆ ಇಲಾಖೆಯವರು ಹೋಳಿಗೆ ಮಾಡಿಸಿದ್ದರು. ಹೋಳಿಗೆಯೂ ತುಪ್ಪವೂ ಒಳಗೆ ಹೋದ ಮೇಲೆ ಗಣಿತ ಕಲೆಯೊಳಗೆ ಕರಗಿತು, ಕಲೆ ನಿದ್ದೆಯೊಳಗೆ ಕರಗಿತು. ತರಬೇತಿ ಕೊಡುವ ಅಮ್ಮ ಅವರನ್ನು ಎಬ್ಬಿಸಿ, ಎಲ್ಲರೆದುರು ನಿಲ್ಲಿಸಿ, ಹೆಸರು ಕೇಳಿದರು. ಅಷ್ಟೇ ನಡೆದದ್ದು.

ಮರುದಿನ ಶಾಲೆಯಲ್ಲಿ ಹೆಡ್ ಮಾಸ್ತರ ಅಮರನಾಥ ಅವರು ತರಬೇತಿ ಹೇಗಾಯಿತೆಂದು ಕೇಳಿದಾಗ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾ ಕುಡಿಯುತ್ತ ಕೂತಿದ್ದರು. ಅಷ್ಟು ಜನರ ಎದುರು ಮಲಗಿದ ಸಂಗತಿ ಹೇಳುವುದು ಹೇಗೆ? ಇಡೀ ಸಭೆಯಲ್ಲಿ ತಮ್ಮೊಬ್ಬರನ್ನೇ ಎದ್ದು ನಿಲ್ಲಿಸಿ ಹೆಸರು ಕೇಳಿದರೆಂದು ದೇವಾನಂದ ಮಾಸ್ತರರು ಹೇಳಿದರು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಅಮರನಾಥ ಅವರು ಹಿಗ್ಗಿ, ಆ ಗಳಿಗೆಯಲ್ಲೇ ಮೇಲಿನವರಿಗೆ ಫೋನು ಮಾಡಿ, ಜಿಲ್ಲೆಗೇ ಮಾದರಿಯಾಗುವಂಥ ಹೊರಾಂಗಣ ಗಣಿತವನ್ನು ತಮ್ಮ ಶಾಲೆ ಮಾಡಿ ತೋರಿಸುತ್ತದೆ ಎಂದುಬಿಟ್ಟರು. ಮೇಲಿನವರು ಮುಂದಿನ ವಾರ ಬಂದು ನೋಡುವುದಾಗಿ ಹೇಳಿದರು. ದೇವಾನಂದ ಮಾಸ್ತರರ ಚಹಾ ಅಲ್ಲೇ ಆರಿತು.

ತರಬೇತಿಯಲ್ಲಿ ಕೇಳಿದ್ದರಲ್ಲಿ ಅವರ ನೆನಪಿಗೆ ಬಂದದ್ದು ಎರಡೇ ಮಾತು. ಗೋಡೆಯ ಹೊರಗೆ ಬನ್ನಿ. ಕೈಗೆ ಮಣ್ಣು ಹಚ್ಚಿಕೊಳ್ಳಿ. ಹಾಗಾಗಿ ಅವರು ಒಂಬತ್ತನೇ ಇಯತ್ತೆಯ ಮಕ್ಕಳನ್ನು ಕರೆದುಕೊಂಡು, ಬಾವಿಯ ಹಗ್ಗ, ಒಂದು ಬಕೆಟ್ ಸುಣ್ಣ, ಇಟ್ಟಿಗೆ ಪುಡಿ ಹೊರಿಸಿಕೊಂಡು, ಊರ ಹೊರಗಿನ ಬಯಲಿಗೆ ಹೋದರು. ಅಲ್ಲಿ ಎಮ್ಮೆಗಳು ಮಲಗಿದ್ದವು. ಅವುಗಳನ್ನು ಎಬ್ಬಿಸುವುದರಲ್ಲೇ ಒಂದು ಪೀರಿಯಡ್ ಕಳೆಯಿತು.

ಮೊದಲು ವೃತ್ತ. ಕೇಂದ್ರ ಯಾರಾಗಬೇಕು? ಮಾಸ್ತರರೇ ಆದರು. ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಕೇಂದ್ರವೆಂದರೆ ಅಲುಗಾಡಬಾರದೆಂದು ಹೇಳಿ ಕಲ್ಲಿನಂತೆ ನಿಂತರು. ಇನ್ನೊಂದು ತುದಿ ಹಿಡಿದ ಶಿವಗಂಗಾ ಎಂಬ ಹುಡುಗಿ ಸುಣ್ಣ ಚೆಲ್ಲುತ್ತ ಸುತ್ತತೊಡಗಿದಳು. ಕೇಂದ್ರ ತಿರುಗಲಿಲ್ಲ, ಹುಡುಗಿ ನಿಲ್ಲಲಿಲ್ಲ. ಹಗ್ಗ ಮಾಸ್ತರರ ಸೊಂಟಕ್ಕೆ ಸುತ್ತುತ್ತ, ಕಾಲಿಗೆ ಇಳಿಯುತ್ತ, ವೃತ್ತವು ಶಂಖದ ಸುಳಿಯಂತೆ ಒಳಒಳಗೆ ಬಂದು, ಕೊನೆಗೆ ಶಿವಗಂಗಾ ಸುಣ್ಣದ ಬಕೆಟ್ಟಿನೊಂದಿಗೆ ಗುರುಗಳ ಹೊಟ್ಟೆಗೇ ಬಂದು ತಲುಪಿದಳು. ಕೇಂದ್ರವು ದೊಪ್ಪನೆ ನೆಲಕ್ಕೆ ಬಿತ್ತು.

ಮಕ್ಕಳು ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಯಾರೋ ಕೇಳಿದರು, ವೃತ್ತ ಯಾಕೆ ಸಣ್ಣದಾಯಿತೆಂದು. ಶಿವಗಂಗಾ ಹೇಳಿದಳು, “ಹಗ್ಗ ಸರ್‌ಗ ಸುತ್ತಾಕತ್ತದ. ಹಂಗಾಗಿ ತ್ರಿಜ್ಯ ಸಣ್ಣದಾಗಾಕತ್ತದ.” ತ್ರಿಜ್ಯ ಎಂಬ ಪದವನ್ನು ದೇವಾನಂದ ಮಾಸ್ತರರು ವರ್ಷಾನುಗಟ್ಟಲೆ ಕರಿಹಲಗೆಯ ಮೇಲೆ ಬರೆದಿದ್ದರು. ಅದು ಮಗುವಿನ ಬಾಯಿಂದ ತಾನಾಗಿ ಹೊರಬಿದ್ದದ್ದು ಅದೇ ಮೊದಲು. ಅವರು ಸುಣ್ಣ ಕೊಡವಿಕೊಳ್ಳುವುದನ್ನೂ ಮರೆತು ನೆಲದ ಮೇಲೆ ಕೂತೇ ಇದ್ದರು.

ಆಮೇಲೆ ಗೂಟ ಹುಗಿದು, ಅದಕ್ಕೆ ಹಗ್ಗವನ್ನು ಸಡಿಲವಾಗಿ ಕುಣಿಕೆ ಹಾಕಿ ಸುತ್ತಿದರು. ಈ ಸಲ ವೃತ್ತ ಚಂದ್ರನಂತೆ ಬಂತು. ಅದರೊಳಗೆ ಒಂದಕ್ಕೊಂದು ಸಮಾಂತರವಾಗಿ, ಒಂದೇ ಉದ್ದದ ಎರಡು ಗೆರೆ ಎಳೆದರು. ಇವು ಜ್ಯಾಗಳು. ಹಗ್ಗವನ್ನು ನಡುವೆ ಮಡಚಿ ಎರಡೂ ಜ್ಯಾಗಳ ಮಧ್ಯಬಿಂದು ಹುಡುಕಿ, ಅಲ್ಲಿಂದ ಗೂಟದ ತನಕ ಗೆರೆ ಎಳೆದು ಅಳೆದರು. ಎರಡೂ ಕಡೆ ಬರೋಬ್ಬರಿ ಒಂದೇ. ನಂಬದವರು ಮತ್ತೆ ಅಳೆದರು. ಆಗಲೂ ಒಂದೇ. ಸಮನಾದ ಜ್ಯಾಗಳು ಕೇಂದ್ರದಿಂದ ಸಮ ದೂರದಲ್ಲಿರುತ್ತವೆ ಎಂಬ ಪ್ರಮೇಯ ನೀರಹಂಗರಗಾದ ಎಮ್ಮೆ ಬಯಲಿನಲ್ಲಿ ಸಾಬೀತಾಯಿತು. ಮಕ್ಕಳಿಗೆ ಹುರುಪು ಬಂದು, ಗೆರೆಗಳನ್ನೆಲ್ಲ ದಪ್ಪ ಸುಣ್ಣದಿಂದ ತುಂಬಿ, ಪರಿಧಿಯ ಸುತ್ತ ಇಟ್ಟಿಗೆ ಪುಡಿಯ ಕೆಂಪು ಬಳ್ಳಿ ಬಿಡಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ಶಿಕ್ಷಣ ಕ್ಷೇತ್ರಕ್ಕೆ ಲಾಭವಾಗಿ, ಈ ಕಥೆಗೆ ನಷ್ಟವಾಗುತ್ತಿತ್ತು. ಆದರೆ ಚಿತ್ರ ಪೂರ್ತಿ ಸಿಗಲೆಂದು ಅಮರನಾಥ ಅವರು ಬಳಿಯಲ್ಲಿದ್ದ ನೀರಿನ ಟಾಕಿ ಹತ್ತಿ ಫೋಟೋ ತೆಗೆದರು. ಮೇಲಿನಿಂದ ನೋಡಿದರೆ ಬಿಳಿ ವೃತ್ತ. ಒಳಗೆ ಎರಡು ನೆಟ್ಟನೆಯ ಗೆರೆ. ಅವನ್ನು ಕೂಡಿಸುವ ನಡುಗೆರೆ. ಇಂಗ್ಲಿಷಿನ ಎಚ್ ಅಕ್ಷರ ಬಲ್ಲ, ಹೆಲಿಕಾಪ್ಟರು ಇಳಿಯುವ ಜಾಗವನ್ನು ಟಿವಿಯಲ್ಲಿ ಕಂಡ ಯಾರಿಗಾದರೂ ಅದು ಏನೆಂದು ಹೇಳಬೇಕಾಗಿರಲಿಲ್ಲ. ಅಮರನಾಥ ಅವರಿಗೆ ಮಾತ್ರ ಅದು ಹೊಳೆಯಲಿಲ್ಲ. ಅವರ ಕಣ್ಣ ತುಂಬ ಪ್ರಮೇಯವೇ ಇತ್ತು. ಫೋಟೋವನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ ಕೆಳಗೆ ಬರೆದರು: ‘ನಮ್ಮ ಊರು ಇನ್ನು ಎತ್ತರಕ್ಕೆ ಹಾರಲಿದೆ. ಮುಂದಿನ ವಾರ ಗಣ್ಯರ ಭೇಟಿ.’

ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ನಿಂಬೆವ್ವ. ಆದರೆ ಅಧ್ಯಕ್ಷರ ಕುರ್ಚಿ, ಅಧ್ಯಕ್ಷರ ಮೊಬೈಲು, ಅಧ್ಯಕ್ಷರ ಸಿಟ್ಟು ಎಲ್ಲವೂ ಆಕೆಯ ಗಂಡ ಹಣಮಂತ್ರಾಯರ ಸುಪರ್ದಿಯಲ್ಲಿದ್ದವು. ಫೋಟೋ ನೋಡಿದ ಹಣಮಂತ್ರಾಯರು ಊಟ ಬಿಟ್ಟು ಬಯಲಿಗೆ ಓಡಿದರು. ವೃತ್ತದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಗ್ಗ ಸುತ್ತುತ್ತಿದ್ದ ದೇವಾನಂದ ಮಾಸ್ತರರ ಬಳಿ ಬಂದು, ದನಿ ತಗ್ಗಿಸಿ ಇದೇನೆಂದು ಕೇಳಿದರು.

ಮಾಸ್ತರರು ಗೆಲುವಿನಲ್ಲಿದ್ದರು. “ಮ್ಯಾಲಿಂದ ಹುಕುಂ ಬಂದದ್ರಿ. ತಿಳದವ್ರಿಗೆ ನೋಡಿದ್ರ ತಿಳೀತದ.”

“ಯಾವಾಗ ಬರ್ತಾರ್ರಿ?”

“ಬರೋ ವಾರ ಬರ್ತಾರ. ಮ್ಯಾಲಿಂದ ಪೂರ್ತಿ ಕಾಣಬೇಕಂತ ದೊಡ್ಡದು ಮಾಡೇವಿ.”

ಮಾಸ್ತರರು ಹೇಳಿದ್ದು ಶಿಕ್ಷಣ ಇಲಾಖೆಯ ಹುಕುಂ, ಶಿಕ್ಷಣ ಇಲಾಖೆಯ ಭೇಟಿ. ಹಣಮಂತ್ರಾಯರು ಕೇಳಿಸಿಕೊಂಡದ್ದು ಹೆಲಿಕಾಪ್ಟರಿನ ಸದ್ದು. ಯಾರೋ ಮಂತ್ರಿಗಳು ಭಾಗ್ಯವಂತಿ ದೇವಿಯ ದರ್ಶನಕ್ಕೆ ಘತ್ತರಗಿಗೆ ಹೊರಟಿದ್ದಾರೆ, ಇಳಿಯುವುದು ಇಲ್ಲಿ, ವಿರೋಧಿ ಗುಂಪಿನವರು ಇದನ್ನು ತಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದು ಅವರು ಮನೆ ತಲುಪುವುದರೊಳಗೆ ತೀರ್ಮಾನಿಸಿದ್ದರು.

ಅವರು ಮೊದಲು ಪಂಚಾಯಿತಿಯ ಪಿಡಿಓ ಸಿದ್ದಲಿಂಗ ಅವರಿಗೆ ಫೋನು ಮಾಡಿ, ಮಂತ್ರಿಗಳು ಬರುವ ಖಬರು ನಿಮಗೆ ಗೊತ್ತೇ ಎಂದರು. ಸಿದ್ದಲಿಂಗರಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆನ್ನುವ ಅಧಿಕಾರಿಗೆ ಬೆಲೆಯೆಲ್ಲಿ? ತಮಗೆ ಎಂದೋ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ ಎಂದರು. ಫೋನಿಟ್ಟವರೇ ಗಾಬರಿಯಾಗಿ ತಾಲೂಕಿನ ಒಬ್ಬ ಇಂಜಿನಿಯರರಿಗೆ ಫೋನು ಮಾಡಿ, ನಮ್ಮೂರಿನ ಹೆಲಿಪ್ಯಾಡ್ ತಯಾರಾಗಿದೆ, ರಸ್ತೆಯ ಗತಿ ಏನು ಎಂದು ಕೇಳಿದರು. ಇಂಜಿನಿಯರರಿಗೆ ಹೆಲಿಪ್ಯಾಡ್ ಮಾಡುವುದು ತಮ್ಮ ಕೆಲಸವೆಂದೂ, ಅದನ್ನು ಯಾರೋ ತಮ್ಮನ್ನು ಬಿಟ್ಟು ಮಾಡಿಸಿದ್ದಾರೆಂದೂ ಹೊಳೆದು ಮೈ ಬೆವರಿತು. ಅವರೂ ಎಲ್ಲ ಗೊತ್ತಿದೆಯೆಂದೇ ಹೇಳಿದರು. ಹೀಗೆ ಗೊತ್ತಿಲ್ಲದವರೆಲ್ಲ ಗೊತ್ತಿದೆಯೆನ್ನುತ್ತ ಹೋಗಿ, ಸಂಜೆಯ ಹೊತ್ತಿಗೆ ಸುದ್ದಿ ಸರಕಾರದಷ್ಟೇ ಗಟ್ಟಿಯಾಯಿತು.

ಮರುದಿನ ಮುಂಜಾನೆ ಊರಿಗೆ ರೋಲರ್ ಬಂತು. ಹವಳಗಾದ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರುಗಳು ಅಗೆದು ಹಾಕಿದ್ದ ರಸ್ತೆಯಲ್ಲಿ ಎಮ್ಮೆಗಳು ತಂಪಾಗಿ ಕೂರುವಂಥ ತಗ್ಗುಗಳಿದ್ದವು. ಅವೆಲ್ಲ ಮುಚ್ಚಿ ಡಾಂಬರಾಯಿತು. ಗಟಾರ ಬಳಿದರು. ಕಂಬಗಳಿಗೆ ಲೈಟು ಬಂದವು. ಬಯಲಿಗೆ ಹೋಗುವ ದಾರಿ ಅಂಬೇಡ್ಕರ್ ನಗರದ ಮುಂದೆಯೇ ಹಾಯುತ್ತಿತ್ತು. ಅಲ್ಲಿ ಹೆಂಗಸರು ಕೊಡ ಹೊತ್ತು ನಿಂತದ್ದು ಮಂತ್ರಿಗಳ ಕಣ್ಣಿಗೆ ಬೀಳಬಾರದೆಂದು, ಎಷ್ಟೋ ಕಾಲದಿಂದ ಮಂಜೂರಾಗಿಯೇ ಉಳಿದಿದ್ದ ನೀರಿನ ಪೈಪಿಗೆ ನೆಲ ಅಗೆಯಲು ಶುರು ಮಾಡಿದರು.

ಬಯಲಿಗೆ ಒಬ್ಬ ಪೊಲೀಸ್ ಪೇದೆಯೂ ಬಂದ. ಅವನ ಕೆಲಸ, ಹೆಲಿಪ್ಯಾಡನ್ನು ಎಮ್ಮೆಗಳಿಂದಲೂ ಮಕ್ಕಳಿಂದಲೂ ಕಾಯುವುದು. ವೃತ್ತದ ವಿಸ್ತೀರ್ಣ ಅಳೆಯಲು ಹಗ್ಗ ಹಿಡಿದು ಹೋದ ಒಂಬತ್ತನೇ ಇಯತ್ತೆಯನ್ನು ಅವನು ಲಾಠಿ ತೋರಿಸಿ ಓಡಿಸಿದ. ಇದು ತಾವೇ ಬರೆದದ್ದೆಂದು ಶಿವಗಂಗಾ ವಾದಿಸಿದಾಗ, ಸರಕಾರದ ಆಸ್ತಿಯ ಬಗ್ಗೆ ಸುಳ್ಳು ಹೇಳಿದರೆ ಕೇಸಾಗುತ್ತದೆಂದು ಬುದ್ಧಿ ಹೇಳಿದ. ಮಕ್ಕಳು ಬಂದು ಮಾಸ್ತರರಿಗೆ ದೂರು ಕೊಟ್ಟಾಗಲೇ ದೇವಾನಂದರಿಗೆ ಸಂಗತಿಯ ಪೂರ್ತಿ ಅರಿವಾದದ್ದು. ಅವರು ಫೋಟೋ ತೆರೆದು ನೋಡಿದರು. ಮೊಬೈಲನ್ನು ಅಡ್ಡ ಹಿಡಿದು ನೋಡಿದರು, ಉದ್ದ ಹಿಡಿದು ನೋಡಿದರು. ಎಚ್ ಅಕ್ಷರ ಹೋಗಲಿಲ್ಲ.

ಅವರು ಬೆವರುತ್ತ ಹಣಮಂತ್ರಾಯರ ಮನೆಗೆ ಹೋಗಿ, ಅದು ಹೆಲಿಪ್ಯಾಡಲ್ಲ, ಜ್ಯಾಗಳ ಪ್ರಮೇಯ, ಒಂಬತ್ತನೇ ಇಯತ್ತೆಯ ಪಾಠ ಎಂದು ಬಿಡಿಸಿ ಬಿಡಿಸಿ ಹೇಳಿದರು. ಹಣಮಂತ್ರಾಯರು ಮಾಸ್ತರರ ಭುಜ ತಟ್ಟಿ ನಕ್ಕರು. “ಸಿಕ್ಯೂರಿಟಿ ಮಾತು ಅದ, ನೀವು ಹಿಂಗ ಹೇಳಬೇಕು. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ, ಹೋಗ್ರಿ.” ಅಷ್ಟರಲ್ಲಿ ಫ್ಲೆಕ್ಸ್ ಬ್ಯಾನರು ಬಂತು. ‘ಸನ್ಮಾನ್ಯ’ ಎಂದು ಬರೆದು, ಯಾವ ಮಂತ್ರಿಯ ಹೆಸರಾದರೂ ಹಿಡಿಸುವಷ್ಟು ಜಾಗ ಖಾಲಿ ಬಿಟ್ಟು, ‘ಅವರಿಗೆ ಆದರದ ಸುಸ್ವಾಗತ’ ಎಂದು ಮುಗಿಸಿದ್ದರು. ಕೆಳಗೆ ಹಣಮಂತ್ರಾಯರ ಫೋಟೋ ಆಳೆತ್ತರ. ಮೂಲೆಯಲ್ಲಿ ಅಂಚೆ ಚೀಟಿಯಷ್ಟು ನಿಂಬೆವ್ವ.

ಮಾಸ್ತರರು ಪಿಡಿಓ ಬಳಿಗೆ ಹೋದರು. ಅವರು ಬಾಗಿಲು ಹಾಕಿಕೊಂಡು ಪೂರ್ತಿ ಕೇಳಿದರು. ನಂಬಿದಂತೆಯೂ ಕಂಡಿತು, ಏಕೆಂದರೆ ಮುಖ ಬಿಳುಚಿಕೊಂಡಿತು. ಆದರೆ ಈಗ ಅದು ಹೆಲಿಪ್ಯಾಡ್ ಅಲ್ಲವೆಂದರೆ, ತಮಗೆ ಎಂದೋ ಗೊತ್ತಿತ್ತು ಎಂದ ತಮ್ಮ ಗತಿಯೇನು? ಗಣಿತದವರು ಗಣಿತ ನೋಡಿಕೊಳ್ಳಲಿ, ಆಡಳಿತವನ್ನು ತಾವು ನೋಡಿಕೊಳ್ಳುತ್ತೇವೆ ಎಂದು ಅವರು ಮಾಸ್ತರರನ್ನು ಹೊರಗೆ ಕಳಿಸಿದರು.

ಹೆಡ್ ಮಾಸ್ತರ ಅಮರನಾಥ ಅವರು ಕೈ ಮುಗಿದರು. ಶಾಲೆಯ ಸೋರುವ ಛತ್ತಿನ ರಿಪೇರಿಗೆ ಆಳುಗಳು ಈಗಷ್ಟೇ ಹತ್ತಿದ್ದಾರೆ, ಅವರು ಕೆಳಗಿಳಿಯುವ ತನಕ ಸತ್ಯ ಹೇಳಬೇಡಿ ಎಂದರು.

ಕೊನೆಗೆ ಉಳಿದವಳು ಮಾಸ್ತರರ ತಾಯಿ ಮಾಳಮ್ಮ. ಸಂಜೆ ಅವರು ಅಂಬೇಡ್ಕರ್ ನಗರದ ತಮ್ಮ ಮನೆಗೆ ಬಂದಾಗ ಆಕೆ ಹೊಸ್ತಿಲಲ್ಲಿ ಕೂತು ಪೈಪು ಹೂಳುವವರನ್ನು ನೋಡುತ್ತಿದ್ದಳು. ಮಗ ಎಲ್ಲವನ್ನೂ ಹೇಳಿ, ನಾಳೆ ಅಫಜಲಪುರಕ್ಕೆ ಹೋಗಿ ತಹಶೀಲ್ದಾರರ ಮುಂದೆ ನಿಜ ಒಪ್ಪಿಕೊಳ್ಳುತ್ತೇನೆ, ಇಲ್ಲದಿದ್ದರೆ ನೌಕರಿ ಹೋಗುತ್ತದೆ ಎಂದ. ಮಾಳಮ್ಮ ಅಗೆದ ಮಣ್ಣಿನ ಕಡೆ ಕೈ ತೋರಿಸಿದಳು.

“ಪೈಪು ನಮ್ಮ ಓಣಿ ಬಾಯಿಗಿ ಬಂದದ,” ಎಂದಳು. “ನಾ ಈ ಮನಿಗಿ ಸೊಸಿಯಾಗಿ ಬಂದಾಗಿಂದ ನೀರಿಗಿ ಹೊಂಟೇನಿ. ನಿನ್ನ ಹಡದ ಮುಂದಿನ ವಾರಾನೂ ಹೊಂಟಿದ್ದೆ. ಖರೇ ಹೇಳಬ್ಯಾಡ ಅನ್ನಂಗಿಲ್ಲ, ಮಗಾ. ಸಾವಕಾಶ ಹೇಳು.”

ದೇವಾನಂದರು ಆ ರಾತ್ರಿ ಸತ್ಯಕ್ಕೂ ನೀರಿಗೂ ಇರುವ ದೂರವನ್ನು ಅಳೆಯಲು ಹೋಗಿ ಸೋತರು. ಮರುದಿನ ಅಫಜಲಪುರದ ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ.

ಎಲ್ಲರೂ ಗೊತ್ತುಮಾಡಿದ ದಿನ ಬಂದೇಬಂತು. ಯಾರು ಗೊತ್ತುಮಾಡಿದರೆಂಬುದು ಇವತ್ತಿಗೂ ಗೊತ್ತಿಲ್ಲ. ಆಳಂದದಿಂದ ಬ್ಯಾಂಡಿನವರು ಬಂದರು. ಬಯಲಿನ ಸುತ್ತ ಜಾತ್ರೆಯಷ್ಟು ಜನ. ಹಣಮಂತ್ರಾಯರು ಎರಡಾಳು ಹೊರುವಂಥ ಹಾರ ಹಿಡಿದು ಆಕಾಶ ನೋಡುತ್ತ ನಿಂತರು. ಒಮ್ಮೆ ಹದ್ದೊಂದು ಹಾರಿ ಬಂದಾಗ ಬ್ಯಾಂಡಿನವರು ಅರ್ಧ ಹಾಡು ಬಾರಿಸಿ ನಿಲ್ಲಿಸಿದರು.

ಆಕಾಶದಿಂದ ಯಾರೂ ಇಳಿಯಲಿಲ್ಲ. ಶಿಕ್ಷಣ ಇಲಾಖೆಯವರು ಕೂಡ, ಮಂತ್ರಿಗಳ ಗದ್ದಲದಲ್ಲಿ ಗಣಿತ ಬೇಡವೆಂದು, ತಮ್ಮ ಭೇಟಿಯನ್ನು ಮುಂದಕ್ಕೆ ಹಾಕಿದ್ದರು. ಹೊಸ ಡಾಂಬರಿನ ಮೇಲೆ ಒಂದು ಜೀಪು ಬಂತು. ಅದರಿಂದ ಇಳಿದವರು ತಹಶೀಲ್ದಾರ ಫರಹೀನ ಮೇಡಂ. ಅವರು ಈ ತಾಲೂಕಿಗೆ ಹೊಸಬರು. ಹೊಸಬರಾದ್ದರಿಂದ ಇಲ್ಲಿಯ ರಿವಾಜು ತಿಳಿದಿರಲಿಲ್ಲ. ಅವರು ಎಲ್ಲರೆದುರು ನೇರವಾಗಿ ಹೇಳಿದರು, “ಯಾವ ಮಂತ್ರಿ ಬರ್ತಾರ ಅಂತ ನನಗ ಗೊತ್ತಿಲ್ಲ. ನಿಮ್ಮೊಳಗ ಯಾರಿಗಿ ಗೊತ್ತದ?”

ಇಂಥ ಪ್ರಶ್ನೆ ಆ ಭಾಗದಲ್ಲಿ ಯಾರೂ ಕೇಳಿರಲಿಲ್ಲ. ಇಂಜಿನಿಯರರು ಪಿಡಿಓ ಅವರನ್ನು ನೋಡಿದರು. ಪಿಡಿಓ ಹಣಮಂತ್ರಾಯರನ್ನು ನೋಡಿದರು. ಅಧ್ಯಕ್ಷರು ಯಾರೆಂದು ಮೇಡಂ ಕೇಳಿದಾಗ ಹಣಮಂತ್ರಾಯರು, “ನಾನೇ ರಿ. ಅಂದ್ರ, ಆಕಿ,” ಎಂದು ಹೆಂಡತಿಯ ಕಡೆ ಬೆರಳು ಮಾಡಿ, ಹಾಗೆಯೇ ಆ ಬೆರಳನ್ನು ತಿರುಗಿಸಿ ದೇವಾನಂದ ಮಾಸ್ತರರ ಮೇಲೆ ನಿಲ್ಲಿಸಿದರು. ಹುಕುಂ ಬಂದಿದೆಯೆಂದು ಹೇಳಿದವರು ಇವರೇ, ನಮ್ಮನ್ನೆಲ್ಲ ಮೋಸ ಮಾಡಿದವರು ಇವರೇ, ಇವರನ್ನು ಅಮಾನತು ಮಾಡಬೇಕು ಎಂದರು.

ದೇವಾನಂದರು ಮುಂದೆ ಬಂದರು. ಓಣಿಯ ಕಡೆ ಒಮ್ಮೆ ನೋಡಿದರು. ಪೈಪು ತಾಯಿಯ ಮನೆಯ ಮುಂದೆ ಬಂದು ನಿಂತಿತ್ತು. ಟಾಕಿಗೆ ಕೂಡಿಸುವ ಜೋಡಣೆಯೊಂದೇ ಬಾಕಿ.

“ಇದು ಹೆಲಿಪ್ಯಾಡ್ ಅಲ್ರಿ ಮೇಡಂ. ಪ್ರಮೇಯ ಅದ. ತರಬೇತಿಯೊಳಗ ನಾ ಮಲಗಿದ್ದೆ ರಿ. ಮಲಗಿದ್ದು ಹೇಳ್ಳಿಕ್ಕೆ ನಾಚಿಕಿ ಬಂತು. ಅಲ್ಲಿಂದ ಇದೆಲ್ಲ ಬೆಳೀತು.”

ಮೇಡಂ ಪ್ರಮೇಯವನ್ನು ತೋರಿಸಲು ಹೇಳಿದರು. ಆಗ ಒಂಬತ್ತನೇ ಇಯತ್ತೆ ಪೇದೆಯ ಲಾಠಿಯ ಕೆಳಗೆ ನುಸುಳಿ ಒಳಗೆ ಬಂತು. ಯಾರೋ ಗೂಟಕ್ಕೆ ಹಗ್ಗ ಹಾಕಿದರು, ಯಾರೋ ಮಡಚಿದರು, ಯಾರೋ ಎಳೆದು ಹಿಡಿದರು. ಒಂದು ಜ್ಯಾ ಅಳೆದರು, ಇನ್ನೊಂದು ಅಳೆದರು. ಹಗ್ಗದ ಮೇಲಿನ ಗಂಟು ಎರಡೂ ಕಡೆ ಒಂದೇ ಜಾಗಕ್ಕೆ ಬಂತು. ಜನ ಕುತ್ತಿಗೆ ಚಾಚಿ ನೋಡಿದರು. ಬ್ಯಾಂಡಿನ ಡೋಲಿನವನು ತನಗೂ ಒಮ್ಮೆ ಅಳೆಯಲು ಕೊಡಿರೆಂದು ಕೇಳಿ, ಅಳೆದು, ತಲೆದೂಗಿದ.

ಫರಹೀನ ಮೇಡಂ ವೃತ್ತದ ನಡುವೆ ನಿಂತು ಸುತ್ತಲೂ ಕಣ್ಣು ಹಾಯಿಸಿದರು. ಈ ರಸ್ತೆ ಬೇಕಿತ್ತೋ ಬೇಡವೋ ಎಂದು ಕೇಳಿದರು. ಬೇಕಿತ್ತೆಂದರು. ಪೈಪು ಮಂಜೂರಾಗಿತ್ತೋ ಇಲ್ಲವೋ? ಆಗಿತ್ತು. ಹಾಗಾದರೆ ಇಷ್ಟು ದಿನ ಯಾಕೆ ಆಗಲಿಲ್ಲ? ಇದಕ್ಕೆ ಇಂಜಿನಿಯರರು ತಮ್ಮ ಬೂಟು ನೋಡಿಕೊಂಡರು, ಪಿಡಿಓ ಅವರೂ ಇಂಜಿನಿಯರರ ಬೂಟನ್ನೇ ನೋಡಿದರು.

“ಮಾಡಬೇಕಾದ ಕೆಲಸ ಮಾಡೀರಿ. ಇದನ್ನ ತಪ್ಪು ಅಂತ ನಾ ಹ್ಯಾಂಗ ಬರೀಲಿ?” ಎಂದರು ಮೇಡಂ. “ಉಳಿದ ಜೋಡಣಿ ಇವತ್ತೇ ಮುಗಸ್ರಿ. ಮಂತ್ರಿ ಬರದಿದ್ರೂ ನೀರು ಬರಬೇಕು.” ಆಮೇಲೆ ಮಾಸ್ತರರ ಕಡೆ ತಿರುಗಿ, “ಮುಂದ ಗಣಿತ ಬರ್ದಾಗ ಬಾಜೂಕ ‘ಇದು ಗಣಿತ’ ಅಂತ ಒಂದು ಬೋರ್ಡ್ ಹಚ್ರಿ,” ಎಂದು ಜೀಪು ಹತ್ತಿದರು.

ಹಣಮಂತ್ರಾಯರ ಕೈಯಲ್ಲಿ ಹಾರ ಹಾಗೆಯೇ ಇತ್ತು. ನಿಂಬೆವ್ವ ಅದನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಸಂಜೆ ಮಾಳಮ್ಮನ ಮನೆಯ ಮುಂದಿನ ನಲ್ಲಿ ಮೊದಲು ಗಾಳಿ ಕೆಮ್ಮಿ, ಆಮೇಲೆ ಕೆಂಪು ನೀರು ಉಗುಳಿ, ಕೊನೆಗೆ ತಿಳಿಯಾಗಿ ಹರಿದಾಗ, ಅಧ್ಯಕ್ಷೆ ಆ ಹಾರವನ್ನು ನಲ್ಲಿಗೆ ಹಾಕಿದಳು. ಅದು ಆಕೆಯ ಮೊದಲ ಅಧಿಕೃತ ಕಾರ್ಯಕ್ರಮ. ಮಾಳಮ್ಮ ಒಂದು ಕೊಡ ತುಂಬಿಕೊಂಡು, ಎತ್ತಿ ಒಳಗಿಡಲು ಹೋಗಿ, ನಾಲ್ಕು ಹೆಜ್ಜೆಗೇ ಮನೆ ಬಂದದ್ದಕ್ಕೆ ದಿಕ್ಕು ತಪ್ಪಿದವಳಂತೆ ನಿಂತಳು.

ಸುದ್ದಿ ಸುತ್ತಲಿನ ಊರಿಗೆಲ್ಲ ಹಬ್ಬಿತು. ಮುಂದಿನ ಭಾನುವಾರ ದೇವಾನಂದ ಮಾಸ್ತರರ ಮನೆಯ ಮುಂದೆ ಗೊಬ್ಬೂರ ಕಡೆಯವರು ಬಂದು ಕೂತಿದ್ದರು. ತಮ್ಮ ಊರಿನಲ್ಲೂ ದೊಡ್ಡ ಬಯಲಿದೆ, ಸುಣ್ಣವನ್ನು ತಾವೇ ತರುತ್ತೇವೆ, ಒಂದು ಗಣಿತ ಬರೆದುಕೊಡಿ ಎಂದು ಕೇಳಿದರು. ಮಾಸ್ತರರು ಪ್ರಮೇಯಕ್ಕೂ ಡಾಂಬರಿಗೂ ಸಂಬಂಧವಿಲ್ಲವೆಂದು ಹೇಳಿ ಸಾಕಾದರು. ಗೊಬ್ಬೂರಿನವರು ಹೋಗುವಷ್ಟರಲ್ಲಿ ಜೇವರ್ಗಿ ಕಡೆಯಿಂದ ಅಣ್ಣಾರಾಯ ಎಂಬ ಮುದುಕರು, ಇಬ್ಬರು ಹೆಂಗಸರನ್ನು ಕರೆದುಕೊಂಡು, ಎರಡು ಬಸ್ಸು ಬದಲಿಸಿ ಬಂದರು.

“ನಮಗ ರಸ್ತಾ ಅದ್ರಿ,” ಎಂದರು ಅಣ್ಣಾರಾಯರು. “ಆಸ್ಪತ್ರಿ ಇಲ್ಲ. ಆಸ್ಪತ್ರಿ ಬರಬೇಕಂದ್ರ ಯಾವ ಚಿತ್ರ ಬರೀಬೇಕು, ಅದೊಂದು ಹೇಳ್ರಿ.”

ದೇವಾನಂದ ಮಾಸ್ತರರು ಮೊದಲು ನೀರು ಕೊಡೋಣವೆಂದು ಚೊಂಬು ತರಲು ಎದ್ದರು. ಆದರೆ ಒಂಬತ್ತನೇ ಇಯತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತಿತ್ತು, ಅದಾಗಲೇ ಕಡ್ಡಿ ಹಿಡಿದು ಮಣ್ಣಿನ ಮೇಲೆ ಗೀಚಲು ಶುರು ಮಾಡಿತ್ತು. ಒಂದೇ ಅಳತೆಯ ಎರಡು ಆಯತ, ಒಂದು ಅಡ್ಡ, ಒಂದು ಉದ್ದ, ನಡುವೆ ಒಂದರ ಮೇಲೊಂದು. ದವಾಖಾನೆಯ ಗುರುತು ಬಂದೇಬಂತು. ಬಣ್ಣ ಎಷ್ಟು ಬೇಕಾದೀತೆಂದು ಒಬ್ಬರು ಕೇಳಿದರು. ಎರಡೂ ಆಯತದ ವಿಸ್ತೀರ್ಣ ಕೂಡಿಸಿದರಾಯಿತು ಎಂದು ಇನ್ನೊಬ್ಬರು ಹೇಳಿದರು. ಶಿವಗಂಗಾ ತಲೆಯಾಡಿಸಿದಳು.

“ಹಂಗ ಕೂಡಿಸಿದ್ರ ನಡುವಿನ ಚೌಕ ಎರಡು ಸಲ ಬರ್ತದ. ಅದನ್ನ ಒಂದು ಸಲ ಕಳೀಬೇಕು,” ಎಂದಳು.

ಅಣ್ಣಾರಾಯರು ಮಂಡಿಯೂರಿ ಕೂತು, ಕನ್ನಡಕ ಹಾಕಿಕೊಂಡು, ಯಾವ ಚೌಕವೆಂದು ತೋರಿಸಲು ಹೇಳಿದರು.